ಹಳೆಯ ಲೆನ್ಸು ಮತ್ತು ಒಂದು ಧರ್ಮಸಂಕಟ

ಸುಳ್ಳು ಹೇಳಬಾರದೆಂದು ನಾವೆಲ್ಲರೂ ಚಿಕ್ಕಂದಿನಲ್ಲೇ ಕಲಿತಿದ್ದೇವೆ. ಆದರೆ ತಿಳಿದೂ ಸುಮ್ಮನಿದ್ದರೆ ಅದು ಸುಳ್ಳೇ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಕಳೆದ ಚಳಿಗಾಲ ಸೆಕೆಂಡ್ ಹ್ಯಾಂಡ್ ಲೆನ್ಸೊಂದನ್ನು ಕೊಳ್ಳಹೋಗಿ ನಾನು ಈ ಪ್ರಶ್ನೆಗೆ ಸಿಕ್ಕಿಕೊಂಡೆ.

ನನ್ನ ಮಗಳಿಗೆ ಹಕ್ಕಿಗಳ ಹುಚ್ಚು. ಭಾನುವಾರ ಬಂತೆಂದರೆ ಅಮೀನ್‌ಪುರ ಕೆರೆಯ ದಂಡೆಯಲ್ಲಿರುತ್ತಾಳೆ. ಅವಳ ಕ್ಯಾಮೆರಾದ ಪುಟ್ಟ ಲೆನ್ಸಿಗೆ ದೂರದ ಮಿಂಚುಳ್ಳಿ ಬರಿಯ ಚುಕ್ಕೆ. ಕ್ಯಾನನ್ ಕಂಪನಿಯ 100-400 ಮಿಲಿಮೀಟರ್ ಜೂಮ್ ಲೆನ್ಸು ಬೇಕೆಂದು ಅವಳ ಹಂಬಲ. ಅಂಗಡಿಯಿಂದ ಹೊಚ್ಚಹೊಸದನ್ನು ತರುವುದು ಗುಮಾಸ್ತನ ಸಂಬಳಕ್ಕೆ ಎಟುಕುವ ಮಾತಲ್ಲ.

ಈ ಲೆನ್ಸಿಗೆ ಎರಡು ಆವೃತ್ತಿಗಳುಂಟು. ಮೊದಲನೆಯದು 1998ರದು, ಎರಡನೆಯದು 2014ರದು. ಹಳೆಯದರಲ್ಲಿ ಕೊಳವೆಯನ್ನು ಮುಂದಕ್ಕೆ ನೂಕಿ ಹಿಂದಕ್ಕೆಳೆದು ಜೂಮ್ ಮಾಡಬೇಕು. ಹೊಸದರಲ್ಲಿ ಬಳೆಯನ್ನು ತಿರುಗಿಸಿದರಾಯಿತು. ಕೈನಡುಕದಿಂದ ಚಿತ್ರ ಮಸುಕಾಗದಂತೆ ತಡೆಯುವ ಏರ್ಪಾಡು ಹಳೆಯದರಲ್ಲಿ ಎರಡು ಸ್ಟಾಪಿನಷ್ಟಾದರೆ ಹೊಸದರಲ್ಲಿ ನಾಲ್ಕು. ಹಳೆಯದಕ್ಕೆ ವಸ್ತು 1.8 ಮೀಟರಾದರೂ ದೂರವಿರಬೇಕು; ಹೊಸದಕ್ಕೆ 98 ಸೆಂಟಿಮೀಟರ್ ಸಾಕು. ಹೆಸರಿನಲ್ಲಿ ಮಾತ್ರ ವ್ಯತ್ಯಾಸ ಅತ್ಯಲ್ಪ. ಹೊಸದರ ಮೇಲೆ ರೋಮನ್ ಅಂಕಿಯ ಎರಡು ಗೀಟುಗಳಿರುತ್ತವೆ, ಅಷ್ಟೆ. ಬಳಸಿದ ಲೆನ್ಸುಗಳ ಪೇಟೆಯಲ್ಲಿ ಆ ಎರಡು ಗೀಟುಗಳಿಂದ ಬೆಲೆ ಇಮ್ಮಡಿಗೂ ಹೆಚ್ಚಾಗುತ್ತದೆ.

ಕಾಚಿಗುಡಾದ ಕಡೆಯ ಒಂದು ಕನ್ನಡದ ಮನೆಯಲ್ಲಿ ಇಂಥ ಲೆನ್ಸಿದೆಯೆಂದು ಸ್ನೇಹಿತರು ತಿಳಿಸಿದರು. ಮನೆಯ ಯಜಮಾನರು ತೀರಿಕೊಂಡಿದ್ದರು. ಅವರ ಪತ್ನಿ ಕಲಬುರ್ಗಿ ಕಡೆಯ ವೃದ್ಧೆ.

“ಅವರು ಹೋದಮ್ಯಾಲ ಇದನ್ನ ಮುಟ್ಟೋರು ಯಾರಿದ್ದಾರ್ರೀ? ಅಂಗಡ್ಯಾಗ ಫೋನ್ ಮಾಡಿ ಕೇಳೀನಿ, 35,000 ಅಂದ್ರು. ಯಾರ್ಯಾರಿಗೋ ಕೊಡೂದಕ್ಕಿಂತ ನಮ್ಮವರಿಗೆ ಹೋಗ್ಲಿ. ಮನೀಗೆ ಒಯ್ದು ನೋಡ್ರಿ, ರೊಕ್ಕ ಆಮ್ಯಾಲ ಕೊಡ್ರಿ” ಎಂದರು.

ಲೆನ್ಸನ್ನು ಕೈಗೆತ್ತಿಕೊಂಡು ಬಳೆಯನ್ನು ಹಿಡಿದೆ. ಅದು ತಿರುಗಿತು. ಹೆಸರಿನ ಮುಂದೆ ಎರಡು ಗೀಟುಗಳೂ ಇದ್ದವು. ಫೋನಿನಲ್ಲಿ ‘100-400’ ಎಂದಷ್ಟೇ ಕೇಳಿದ್ದರಿಂದ ಅಂಗಡಿಯವರು ಹಳೆಯದರ ಬೆಲೆಯನ್ನು ಹೇಳಿದ್ದಿರಬೇಕು. ನಾನು ಏನೂ ಹೇಳದೆ ಅದನ್ನು ಮನೆಗೆ ತಂದೆ.

ಎರಡು ರಾತ್ರಿ ಅದು ಮೇಜಿನ ಮೇಲಿತ್ತು. ಬೆಲೆ ಕಟ್ಟಿದವನು ನಾನಲ್ಲ, ಚೌಕಾಸಿಯನ್ನೂ ಮಾಡಿಲ್ಲ, ಕೇಳಿದಷ್ಟನ್ನೂ ಕೊಡುತ್ತೇನೆ, ಇದರಲ್ಲಿ ತಪ್ಪೇನು ಎಂದು ಮನಸ್ಸು ವಾದಿಸುತ್ತಿತ್ತು. ಕಾಯಿದೆಯೂ ನನ್ನ ಪಕ್ಷದಲ್ಲಿರುವಂತೆ ತೋರಿತು. 1872ರ ಕರಾರು ಕಾಯಿದೆಯ 17ನೆಯ ಕಲಮಿನ ಪ್ರಕಾರ ಬರಿಯ ಮೌನ ಮೋಸವಲ್ಲ. ಅದಕ್ಕೆ ಕೊಟ್ಟಿರುವ ಉದಾಹರಣೆ ಹರಾಜಿನಲ್ಲಿ ಮಾರುವ ಕುದುರೆಯದು. ಕುದುರೆಗೆ ಐಬಿರುವುದು ಮಾರುವವನಿಗೆ ಗೊತ್ತಿದ್ದೂ ಅವನು ಸುಮ್ಮನಿದ್ದರೆ ಅದು ಮೋಸವಾಗದು. ಆದರೆ ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಅವನ ಸ್ವಂತ ಮಗಳಾಗಿದ್ದರೆ ಹೇಳುವುದು ಅವನ ಕರ್ತವ್ಯವಾಗುತ್ತದೆ ಎಂದು ಅಲ್ಲೇ ಮುಂದಿನ ಉದಾಹರಣೆ ಹೇಳುತ್ತದೆ.

ರೋಮಿನ ಸಿಸೆರೋ ಇನ್ನೂ ನಿಷ್ಠುರ. ಕ್ಷಾಮದಲ್ಲಿರುವ ರೋಡ್ಸ್ ದ್ವೀಪಕ್ಕೆ ವರ್ತಕನೊಬ್ಬ ಧಾನ್ಯ ತಂದಿದ್ದಾನೆ. ಹಿಂದೆಯೇ ಇನ್ನಷ್ಟು ಹಡಗುಗಳು ಬರುತ್ತಿರುವುದು ಅವನಿಗೆ ಗೊತ್ತು. ಅದನ್ನು ಮುಚ್ಚಿಡಬಾರದೆಂದೇ ಸಿಸೆರೋನ ತೀರ್ಪು.

ನನಗೆ ಅಷ್ಟು ದೂರ ಹೋಗುವ ಧೈರ್ಯವಿಲ್ಲ. ಕೋಠಿಯ ಅಂಗಡಿಯವನು ಬೆಲೆ ತಪ್ಪಿದ್ದರೆ ಬಹುಶಃ ನಾನು ಬಾಯಿ ಬಿಡುತ್ತಿರಲಿಲ್ಲ. ಅಲ್ಲಿ ಇಬ್ಬರೂ ಎಚ್ಚರವಾಗಿಯೇ ವ್ಯವಹಾರಕ್ಕೆ ನಿಂತಿರುತ್ತೇವೆ. ಆದರೆ ಈ ತಾಯಿ ‘ನಮ್ಮವರು’ ಎಂಬ ಒಂದು ಮಾತಿನಿಂದ ತಮ್ಮ ಎಚ್ಚರವನ್ನೆಲ್ಲ ನನ್ನ ಕೈಗೆ ಒಪ್ಪಿಸಿದ್ದರು. ಅವರು ಕನ್ನಡದವರೆಂಬುದರಿಂದ ನನ್ನ ಹೊಣೆ ಹೆಚ್ಚಿತೆಂದಲ್ಲ. ತೆಲುಗಿನವರೋ ಉರ್ದು ಮಾತಾಡುವವರೋ ಹಣ ಪಡೆಯದೆ ವಸ್ತುವನ್ನು ಹೀಗೆಯೇ ಕೊಟ್ಟು ಕಳಿಸಿದ್ದರೆ ಹೊಣೆ ಇಷ್ಟೇ ಇರುತ್ತಿತ್ತು. ಕಾಯಿದೆಯ ಉದಾಹರಣೆಯಲ್ಲಿಯೂ ಮಗಳ ವಿಷಯಕ್ಕೆ ತೂಕ ಬಂದಿರುವುದು ರಕ್ತದಿಂದಲ್ಲ, ತಂದೆಯ ಮೇಲೆ ಆಕೆ ಇಡುವ ನಂಬಿಕೆಯಿಂದ. ನಂಬಿದವರ ಮುಂದೆ ಸುಮ್ಮನಿರುವುದು ಸುಳ್ಳಿಗೆ ಸಮ.

ಮೂರನೆಯ ದಿನ ಲೆನ್ಸನ್ನು ಹಿಂದಕ್ಕೊಯ್ದೆ. “ಕಾಕು, ಇದು ಹಳೇದಲ್ಲರೀ, ಹೊಸಾದು. ನೀವಂದ ರೊಕ್ಕದ ಎರಡು ಪಟ್ಟಿಗಿಂತ ಹೆಚ್ಚು ಬರ್ತದ” ಎಂದೆ.

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. “ಇದು ನಿಮಗ ಯಾವಾಗ ಗೊತ್ತಾತು?”

“ಮೊದಲನೇ ದಿನಾನೇ.”

ಅವರು ಏನೂ ಅನ್ನಲಿಲ್ಲ. ಒಳಗೆ ಹೋಗಿ ಚಹಾ ಮಾಡಿ ತಂದರು.

ಆ ಲೆನ್ಸು ಮುಂದೆ ಸರಿಯಾದ ಬೆಲೆಗೆ ಬೇರೊಬ್ಬರ ಪಾಲಾಯಿತು. ನಾವು 1998ರ ಆವೃತ್ತಿಯನ್ನೇ ಬೇರೆ ಕಡೆ ಹುಡುಕಿ ಕೊಂಡೆವು. ಮಗಳು ಅದನ್ನು ನೂಕುತ್ತ ಎಳೆಯುತ್ತ ಪಳಗಿಸಿಕೊಂಡಿದ್ದಾಳೆ. ಮಿಂಚುಳ್ಳಿಯ ಚಿತ್ರಗಳು ಚೆನ್ನಾಗಿಯೇ ಬಂದಿವೆ. ಆದರೆ ಆ ಎರಡು ರಾತ್ರಿಗಳ ಮೌನವನ್ನು ಏನೆಂದು ಕರೆಯಬೇಕೋ ನನಗಿನ್ನೂ ತಿಳಿಯದು. ವಾಚಕರಲ್ಲಿ ಯಾರಾದರೂ ಹಿರಿಯರು ಹೇಳಿದರೆ ಕೇಳಲು ಸಿದ್ಧನಿದ್ದೇನೆ.