ನೀಲಿ ರಕ್ತದ ಋಣ

ಹಳ್ಳಿಯ ತಾಯಿಯೊಬ್ಬಳು ತನ್ನ ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಿ ಅದಕ್ಕೆ ಸೂಜಿಮದ್ದು ಹಾಕಿಸುತ್ತಾಳೆ. ಕೂಸು ಅಳುತ್ತದೆ, ತಾಯಿ ಅದನ್ನು ಎದೆಗವಚಿಕೊಂಡು, ಇನ್ನು ಭಯವಿಲ್ಲವೆಂದು ನೆಮ್ಮದಿಯಿಂದ ಮನೆಗೆ ಹಿಂದಿರುಗುತ್ತಾಳೆ. ಆ ನೆಮ್ಮದಿಗೋಸ್ಕರ ದೂರದ ಸಮುದ್ರದ ಮೂಕಪ್ರಾಣಿಯೊಂದು ತನ್ನ ರಕ್ತವನ್ನು ಕೊಟ್ಟಿರಬಹುದೆಂಬದು ಆಕೆಗೆ ತಿಳಿಯದು. ಕೊಟ್ಟಿತೆಂದು ಹೇಳುವದೂ ಸರಿಯಲ್ಲ; ಮನುಷ್ಯರಾದ ನಾವು ತೆಗೆದುಕೊಂಡೆವು. ಹೀಗೆ ತೆಗೆದುಕೊಳ್ಳುವದು ನ್ಯಾಯವೋ? ನ್ಯಾಯವಾದರೆ ಎಲ್ಲಿಯ ವರೆಗೆ ನ್ಯಾಯ? ಇದನ್ನು ಸ್ವಲ್ಪ ವಿಚಾರಿಸೋಣ.

ಆ ಪ್ರಾಣಿಯ ಚಿಪ್ಪು ಕುದುರೆಯ ಲಾಳದಂತೆ ಇರುವದರಿಂದ ಅದನ್ನು ಲಾಳದ ಏಡಿ ಎಂದು ಕರೆಯುತ್ತಾರೆ. ಹೆಸರು ಏಡಿಯಾದರೂ ಅದು ನಿಜವಾದ ಏಡಿಯಲ್ಲ. ಜೇಡ ಚೇಳುಗಳ ಸಂಬಂಧಿ. ಇದರ ವಂಶವು 44 ಕೋಟಿ ವರ್ಷಗಳಿಗಿಂತಲೂ ಹಳೆಯದೆಂದು ಕಲ್ಲಿನಲ್ಲಿ ಉಳಿದ ಗುರುತುಗಳಿಂದ ತಿಳಿದುಬಂದಿದೆ. ಅದರ ಬಾಲವು ಈಟಿಯಂತೆ ಕಂಡರೂ ಅದರಿಂದ ಯಾರನ್ನೂ ಕುಟುಕದು. ಅಂಗಾತ ಬಿದ್ದಾಗ ಮಗುಚಿಕೊಳ್ಳುವದಕ್ಕೆ ಅದನ್ನು ಊರುಗೋಲಾಗಿ ಉಪಯೋಗಿಸುತ್ತದೆ. ನಮ್ಮ ರಕ್ತದಲ್ಲಿ ಕಬ್ಬಿಣವಿರುವಂತೆ ಇದರ ರಕ್ತದಲ್ಲಿ ತಾಮ್ರವಿರುವದರಿಂದ ಆ ರಕ್ತವು ಗಾಳಿ ಸೋಕಿದಾಗ ನೀಲಿಯಾಗಿ ಕಾಣುತ್ತದೆ.

ಈ ರಕ್ತದಿಂದ ವೈದ್ಯರಿಗೆ ಏನು ಪ್ರಯೋಜನ? ಕಣ್ಣಿಗೆ ಕಾಣದ ಕೆಲವು ಬ್ಯಾಕ್ಟೀರಿಯಗಳ ಹೊರಪದರದಲ್ಲಿ ಎಂಡೋಟಾಕ್ಸಿನ್ ಎಂಬ ವಿಷವಿದೆ. ಮದ್ದನ್ನು ಕುದಿಸಿದರೆ ಬ್ಯಾಕ್ಟೀರಿಯ ಸಾಯುತ್ತದೆ, ವಿಷವು ಸಾಯದು. ಅಂಥ ಮದ್ದು ಸೂಜಿಯ ಮೂಲಕ ರಕ್ತಕ್ಕೆ ಸೇರಿದರೆ ಕಠಿಣ ಜ್ವರ ಬರುವದು, ಪ್ರಾಣವೂ ಹೋದೀತು. ಹಿಂದಿನ ಕಾಲದಲ್ಲಿ ಇದನ್ನು ಕಂಡುಹಿಡಿಯುವದಕ್ಕೆ ಮದ್ದನ್ನು ಮೊಲಗಳ ಕಿವಿಯ ನರಕ್ಕೆ ಚುಚ್ಚಿ, ಅವುಗಳಿಗೆ ಜ್ವರ ಬರುತ್ತದೋ ಎಂದು ಕಾದು ನೋಡುತ್ತಿದ್ದರು. 1956ರಲ್ಲಿ ಅಮೇರಿಕದ ಫ್ರೆಡರಿಕ್ ಬ್ಯಾಂಗ್ ಎಂಬ ವೈದ್ಯರು ಲಾಳದ ಏಡಿಯ ರಕ್ತವು ಇಂಥ ಬ್ಯಾಕ್ಟೀರಿಯ ತಗಲಿದಾಗ ಹೆಪ್ಪುಗಟ್ಟುವದೆಂದು ಪ್ರಕಟಿಸಿದರು. 1964ರಲ್ಲಿ ಅವರೂ ಜ್ಯಾಕ್ ಲೆವಿನ್ ಎಂಬವರೂ ಕೂಡಿ, ಆ ವಿಷವೇ ಇದಕ್ಕೆ ಕಾರಣವೆಂದು ತೋರಿಸಿದರು. ರಕ್ತಕಣಗಳ ಸಾರದಲ್ಲಿ ಮದ್ದನ್ನು ಬೆರೆಸಿ ನೋಡಿದರೆ ಅತ್ಯಲ್ಪ ವಿಷವೂ ತನ್ನನ್ನು ಮರೆಮಾಡಿಕೊಳ್ಳಲಾರದು. 1977ರಲ್ಲಿ ಅಮೇರಿಕದ ಸರಕಾರವು ಮೊಲಗಳ ಪರೀಕ್ಷೆಗೆ ಬದಲಾಗಿ ಇದನ್ನು ಅಂಗೀಕರಿಸಿತು. ಆ ಮೇಲೆ ಲೋಕದ ಅನೇಕ ಸೂಜಿಮದ್ದುಗಳು ಈ ಪರೀಕ್ಷೆಯನ್ನು ದಾಟಿಯೇ ರೋಗಿಗಳ ಬಳಿಗೆ ಬಂದವು.

ಮೊಲಗಳಿಗೆ ಬಿಡುಗಡೆಯಾಯಿತೆಂದು ಸಂತೋಷಪಡೋಣವೇ? ಒಂದರ ಕುತ್ತಿಗೆಯಿಂದ ತೆಗೆದ ನೊಗವನ್ನು ಇನ್ನೊಂದರ ಕುತ್ತಿಗೆಗೆ ಇಟ್ಟೆವು. ಅಮೇರಿಕದ ಪೂರ್ವಕರಾವಳಿಯಲ್ಲಿ ವರ್ಷಕ್ಕೆ ಹಲವು ಲಕ್ಷ ಏಡಿಗಳನ್ನು ಹಿಡಿದು, ಚಿಪ್ಪಿನ ಸಂದಿನಲ್ಲಿ ಸೂಜಿ ಚುಚ್ಚಿ, ರಕ್ತದ ಸುಮಾರು ಮೂರರಲ್ಲೊಂದು ಪಾಲನ್ನು ಇಳಿಸಿಕೊಂಡು, ಮರಳಿ ಸಮುದ್ರಕ್ಕೆ ಬಿಡುತ್ತಾರೆ. ಹೀಗೆ ಬಿಟ್ಟವುಗಳಲ್ಲಿ ನೂರಕ್ಕೆ 15 ಸಾಯುವವೆಂದು ಅಲ್ಲಿಯ ಮೀನುಗಾರಿಕೆಯ ಅಧಿಕಾರಿಗಳು ಲೆಕ್ಕ ಹಿಡಿಯುತ್ತಾರೆ. ಕೆಲವು ಪರೀಕ್ಷೆಗಳಲ್ಲಿ ನೂರಕ್ಕೆ 30ರ ತನಕ ಸತ್ತದ್ದುಂಟು. ಇದಲ್ಲದೆ ಮೀನುಗಾರರು ಅವುಗಳನ್ನು ಎರೆಗೋಸ್ಕರ ಕಡಿಯುತ್ತಾರೆ. ಡೆಲವೇರ್ ಕೊಲ್ಲಿಯಲ್ಲಿ ವಸಂತಕಾಲದಲ್ಲಿ ಈ ಏಡಿಗಳು ದಡಕ್ಕೆ ಬಂದು ಮೊಟ್ಟೆಯಿಡುತ್ತವೆ. ದಕ್ಷಿಣ ಅಮೇರಿಕದ ತುದಿಯಿಂದ ಉತ್ತರದ ಹಿಮದೇಶಕ್ಕೆ ಹಾರುವ ರೆಡ್ ನಾಟ್ ಎಂಬ ಹಕ್ಕಿಗೆ ಆ ಮೊಟ್ಟೆಗಳೇ ದಾರಿಯ ಬುತ್ತಿ. ಏಡಿಗಳು ಕಡಿಮೆಯಾದಾಗ ಹಕ್ಕಿಗಳೂ ಕಡಿಮೆಯಾದವು. 2014ರಲ್ಲಿ ಅಮೇರಿಕದ ಸರಕಾರವು ಆ ಹಕ್ಕಿಯನ್ನು ಅಪಾಯಕ್ಕೊಳಗಾದ ಜಾತಿಯೆಂದು ಪಟ್ಟಿಗೆ ಸೇರಿಸಿತು.

ಇಲ್ಲಿ ಎರಡು ವಿಧವಾದ ಜನರು ಮಾತಾಡುತ್ತಾರೆ. ಒಬ್ಬನು, ಪ್ರಾಣಿಗಳಿರುವದು ಮನುಷ್ಯನಿಗೋಸ್ಕರ, ಒಂದು ಏಡಿಗಾಗಿ ಇಷ್ಟು ವ್ಯಸನವೇಕೆ ಎನ್ನುತ್ತಾನೆ. ಮತ್ತೊಬ್ಬನು, ಜೀವಿಯ ರಕ್ತವನ್ನು ಮುಟ್ಟುವದೇ ಪಾಪ ಎನ್ನುತ್ತಾನೆ. ಇಬ್ಬರ ಮಾತೂ ನನಗೆ ಸರಿದೋರುವದಿಲ್ಲ. ಎರಡನೆಯವನು ಜ್ವರದಿಂದ ಉರಿಯುವ ತನ್ನ ಕೂಸಿನ ಮಂಚದ ಬಳಿಯಲ್ಲಿ ನಿಂತು ಆ ಮಾತನ್ನು ಹೇಳಲಿ ನೋಡೋಣ. ಮೊದಲನೆಯವನು ನಮ್ಮ ಊರಿನ ಗೌಳಿಯಿಂದ ಬುದ್ಧಿ ಕಲಿಯಲಿ. ಒಳ್ಳೆಯ ಗೌಳಿಯು ಹಾಲು ಕರೆಯುವಾಗ ಕರುವಿನ ಪಾಲನ್ನು ಕೆಚ್ಚಲಲ್ಲಿಯೇ ಬಿಡುತ್ತಾನೆ. ಹಸು ತನ್ನದೆಂಬದನ್ನು ಅವನು ಅಲ್ಲಗಳೆಯುವದಿಲ್ಲ. ತನ್ನದಾದದ್ದಕ್ಕೂ ಒಂದು ಮಿತಿಯುಂಟೆಂದು ಬಲ್ಲನು. ನಾವು ಈ ಲೋಕದ ಒಡೆಯರಲ್ಲ, ಮನೆವಾರ್ತೆಯವರು. ಮನೆವಾರ್ತೆಯವನು ಖರ್ಚು ಮಾಡಬಹುದು, ಆದರೆ ಲೆಕ್ಕ ಒಪ್ಪಿಸಬೇಕು.

ಹಾಗಾದರೆ ಮಿತಿ ಯಾವದು? ಅಗತ್ಯವೇ ಮಿತಿ ಎಂದು ನನ್ನ ಅಭಿಪ್ರಾಯ. ಬರಗಾಲದಲ್ಲಿ ನನ್ನ ಬಾವಿ ಬತ್ತಿದಾಗ ನೆರೆಯವನ ಬಾವಿಯಿಂದ ನೀರು ತರುವದು ತಪ್ಪಲ್ಲ. ಮಳೆ ಬಂದು ನನ್ನ ಬಾವಿ ತುಂಬಿದ ಮೇಲೆಯೂ ಕಾಲಿಗೆ ದಾರಿ ರೂಢಿಯಾಗಿದೆಯೆಂದು ಅವನ ಬಾವಿಯನ್ನೇ ಬರಿದುಮಾಡಿದರೆ ಅದು ಅಗತ್ಯವಲ್ಲ, ಅನ್ಯಾಯ. ಕೆಲಸವೂ ಹಗ್ಗವೂ ಕೊಡವೂ ಮೊದಲಿನವೇ. ಆದರೆ ನ್ಯಾಯವಾಗಿದ್ದದ್ದು ಅನ್ಯಾಯವಾಯಿತು.

ಈ ಕಾರ್ಯದಲ್ಲಿಯೂ ಮಳೆ ಬಂದಿತು. ನಮ್ಮ ದೇಶದ ಪೂರ್ವಕರಾವಳಿಯಲ್ಲಿಯೂ ಸಿಂಗಪೂರದಲ್ಲಿಯೂ ವಾಸಿಸುವ ಒಂದು ಜಾತಿಯ ಲಾಳದ ಏಡಿಯುಂಟು. ಸಿಂಗಪೂರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಡಿಂಗ್ ಜೀಕ್ ಲಿಂಗ್, ಹೋ ಬೋ ಎಂಬ ದಂಪತಿಗಳು ಅದರ ರಕ್ತವನ್ನು ಶೋಧಿಸಿ, ವಿಷವನ್ನು ಮೊದಲು ಗುರುತಿಸುವ ಅಂಶವು ಯಾವದೆಂದು ಅರಿತು, ಅದನ್ನು ಉಂಟುಮಾಡುವ ಜೀನನ್ನು ಬೇರೆ ಜೀವಕಣಗಳೊಳಗೆ ಇಟ್ಟು, 1990ರ ದಶಕದಲ್ಲಿ ಏಡಿಯಿಲ್ಲದೆಯೇ ಅದನ್ನು ತಯಾರಿಸಿದರು. 2003ರಲ್ಲಿ ಅದು ಮಾರಾಟಕ್ಕೆ ಬಂದಿತು. ಆದರೂ ಯುರೋಪಿನ ಔಷಧಸಂಹಿತೆಯು ಅದಕ್ಕೆ ಸ್ಥಾನ ಕೊಟ್ಟದ್ದು 2021ರಲ್ಲಿ. ಅಮೇರಿಕದ ಸಂಹಿತೆಯು ಕೊಟ್ಟದ್ದು 2025ರಲ್ಲಿ.

ಇಷ್ಟು ತಡವೇಕೆ? ಎಲ್ಲರನ್ನೂ ದೂಷಿಸುವದು ಸುಲಭ, ನ್ಯಾಯವಲ್ಲ. ಹೊಸ ಪರೀಕ್ಷೆಯು ಒಮ್ಮೆ ತಪ್ಪಿದರೆ ಸಾಯುವವರು ರೋಗಿಗಳು. ಆದಕಾರಣ ಎಚ್ಚರಿಕೆಯು ಅವಶ್ಯವಾಗಿತ್ತು. ಆದರೆ ಎಚ್ಚರಿಕೆ ಯಾವದು, ಸೋಮಾರಿತನ ಯಾವದು, ಲಾಭದಾಸೆ ಯಾವದು ಎಂಬದನ್ನು ಬೇರ್ಪಡಿಸುವದು ಕಷ್ಟ. ಮೂರೂ ಒಂದೇ ಅಂಗಿಯನ್ನು ತೊಟ್ಟುಕೊಂಡು ಬರುತ್ತವೆ. ಎಚ್ಚರಿಕೆಯುಳ್ಳವನು ಪರೀಕ್ಷಿಸುತ್ತಾ ಮುಂದೆ ಹೋಗುತ್ತಾನೆ. ಮಿಕ್ಕವರು ಪರೀಕ್ಷಿಸಬೇಕೆಂದು ಹೇಳುತ್ತಾ ಅಲ್ಲಿಯೇ ಕೂತಿರುತ್ತಾರೆ. ಮೂಕಪ್ರಾಣಿಯು ನ್ಯಾಯಸ್ಥಾನಕ್ಕೆ ಬಂದು ತನ್ನ ದೂರನ್ನು ಹೇಳಲಾರದಾದದರಿಂದ ತೆಗೆದುಕೊಳ್ಳುವವನೇ ತನ್ನನ್ನು ಆಗಾಗ್ಗೆ ವಿಚಾರಣೆಗೆ ಒಳಪಡಿಸಿಕೊಳ್ಳತಕ್ಕದ್ದು. ಅಗತ್ಯವು ತೀರುವ ದಿನವನ್ನು ಸುಮ್ಮನೆ ಕಾಯುವದು ಸಾಲದು. ಆ ದಿನವನ್ನು ಹುಡುಕಿ ತರುವದೂ ಸಾಲಗಾರನ ಕರ್ತವ್ಯವೇ.

ಹಳ್ಳಿಯಲ್ಲಿರುವ ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವಿರೋ? ಕೂಸುಗಳಿಗೆ ಸೂಜಿಮದ್ದು ಹಾಕಿಸದೆ ಇರಬಾರದು. ಹಾಗೆ ಮಾಡಿದರೆ ಏಡಿಗೂ ಉಪಕಾರವಿಲ್ಲ, ಕೂಸಿಗೂ ಕೇಡು. ಆದರೆ ನಮ್ಮ ಕೊಟ್ಟಿಗೆಯ ಎತ್ತಿನ ಹೆಗಲನ್ನು ಒಮ್ಮೆ ತಡವಿ ನೋಡೋಣ. ಹೊಲದ ಕೆಲಸ ಮುಗಿದ ಮೇಲೆಯೂ ನೊಗವು ಅಲ್ಲಿಯೇ ಇದೆಯೋ? ನಮ್ಮ ಮನೆಗೆ ದುಡಿಯುವ ಆಳಿನಿಂದಲೂ, ಎಲ್ಲರ ಊಟವಾದ ಮೇಲೆ ಉಣ್ಣುವ ಹೆಂಡತಿಯಿಂದಲೂ ನಾವು ಅಗತ್ಯಕ್ಕಾಗಿ ತೆಗೆದುಕೊಳ್ಳುವದು ಎಷ್ಟು, ರೂಢಿಯಿಂದ ತೆಗೆದುಕೊಳ್ಳುವದು ಎಷ್ಟು? ಅವರು ಮೂಕರಲ್ಲ, ಆದರೂ ಅನೇಕ ಸಾರಿ ಮಾತಾಡುವದಿಲ್ಲ. ಕೇಳಬೇಕಾದವರು ನಾವೇ.