ಹಿಡಿದ ಕೈ ಮತ್ತು ಆಡಿದ ಮಾತು

ಮಗುವಿಗೆ ಸೈಕಲ್ ಸವಾರಿಯನ್ನು ಕಲಿಸುವಾಗ ತಂದೆಯು ಸೀಟಿನ ಹಿಂಭಾಗವನ್ನು ಹಿಡಿದು ಜೊತೆಯಲ್ಲಿ ಓಡುವುದೂ, "ಹಿಡಿದುಕೊಂಡಿದ್ದೇನೆ, ತುಳಿ ಮಗು" ಎಂದು ಕೂಗುತ್ತಲೇ ಸದ್ದಿಲ್ಲದೆ ಕೈಬಿಡುವುದೂ ಮನೆಮನೆಯ ರೂಢಿಯಾಗಿದೆ. ಮಗುವು ಹತ್ತು ಮಾರು ದೂರ ತಾನಾಗಿಯೇ ಸಾಗಿ, ಹಿಂದಿರುಗಿ ನೋಡಿ, ಕೈಯಿಲ್ಲದುದನ್ನು ಕಂಡು ಬೆಚ್ಚುವುದು. ಬಳಿಕ ಎಲ್ಲರೂ ನಗುವರು. ಇದನ್ನು ಯಾರೂ ಸುಳ್ಳೆಂದು ಎಣಿಸುವುದಿಲ್ಲ. ಆದರೂ ಸದ್ಗೃಹಸ್ಥರು ವಿಚಾರಿಸಬೇಕಾದ ಪ್ರಶ್ನೆಯೊಂದು ಇದರಲ್ಲಿ ಅಡಗಿದೆ. ಮಗುವಿನ ಹಿತಕ್ಕಾಗಿಯೇ ಆಗಲಿ, ಅದು ಅಂಜಿರುವ ಹೊತ್ತಿನಲ್ಲಿ ಅದಕ್ಕೆ ಕೊಟ್ಟ ಮಾತನ್ನು ಮುರಿಯಬಹುದೇ?

ಈ ಸುಳ್ಳು ಏಕೆ ಬೇಕಾಯಿತೆಂಬುದನ್ನು ಮೊದಲು ನೋಡಬೇಕು. ಸೈಕಲ್ಲಿನ ಮೇಲೆ ಕಲಿಯಬೇಕಾದುದು ಎರಡು: ಪೆಡಲು ತುಳಿಯುವುದು ಒಂದು, ಸಮತೋಲ ಇನ್ನೊಂದು. ತುಳಿಯುವುದು ಸುಲಭ, ಮೂರು ಗಾಲಿಯ ಸೈಕಲ್ಲನ್ನು ಓಡಿಸಿದ ಮಗುವಿಗೆ ಅದು ಆಗಲೇ ಬಂದಿರುತ್ತದೆ. ಕಠಿನವಾದುದು ಸಮತೋಲವೇ. ಬಂಡಿಯು ಎಡಕ್ಕೆ ವಾಲಿದಾಗ ಹ್ಯಾಂಡಲನ್ನು ಎಡಕ್ಕೇ ತಿರುಗಿಸಬೇಕು. ಆಗ ಚಕ್ರಗಳು ಬೀಳುತ್ತಿರುವ ದೇಹದ ಕೆಳಕ್ಕೆ ಸರಿದು ಅದನ್ನು ಎತ್ತಿ ನಿಲ್ಲಿಸುವುವು. ಇದನ್ನು ಮಾತಿನಿಂದ ತಿಳಿಸಲು ಬಾರದು. ವಾಲಿ ವಾಲಿಯೇ ಮೈಗೆ ತಿಳಿಯಬೇಕು. ಆದರೆ ತಂದೆಯ ಕೈ ಬಂಡಿಯನ್ನು ವಾಲಗೊಡುವುದಿಲ್ಲ. ಹಿಂದಿನ ಚಕ್ರದ ಇಕ್ಕೆಲಗಳಲ್ಲಿ ಜೋಡಿಸುವ ಪುಟ್ಟ ಗಾಲಿಗಳೂ ವಾಲಗೊಡುವುದಿಲ್ಲ. ಆದುದರಿಂದ ಆಸರೆ ಇರುವವರೆಗೆ ಸಮತೋಲ ಬಾರದು. ಸಮತೋಲ ಬಾರದಿರುವಾಗ ಆಸರೆ ಬಿಡಲು ಮಗು ಒಪ್ಪದು. ಈ ಇಕ್ಕಟ್ಟಿನಿಂದ ಪಾರಾಗಲು ತಂದೆಯು ಕಂಡುಕೊಂಡ ಉಪಾಯವೇ ಆ ಸುಳ್ಳು.

ಆದರೆ ಕಲಿಕೆಯ ಕ್ರಮವನ್ನು ಬದಲಿಸಿದರೆ ಈ ಇಕ್ಕಟ್ಟೇ ಉಳಿಯದು. ಸೈಕಲ್ಲಿನ ಚರಿತ್ರೆಯೇ ಇದಕ್ಕೆ ಸಾಕ್ಷಿಯಾಗಿದೆ. ೧೮೧೭ರಲ್ಲಿ ಜರ್ಮನಿಯ ಮನ್‌ಹೈಮ್ ಪಟ್ಟಣದಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತನು ಮರದ ಎರಡು ಚಕ್ರದ ಬಂಡಿಯನ್ನು ಮಾಡಿ, ಪಾದಗಳಿಂದ ನೆಲವನ್ನು ತಳ್ಳುತ್ತ ಸವಾರಿ ಮಾಡಿದನು. ಅದಕ್ಕೆ ಪೆಡಲು ಇರಲಿಲ್ಲ. ಮುಂದಿನ ಚಕ್ರಕ್ಕೆ ಪೆಡಲು ಜೋಡಿಸಿದ ಸೈಕಲ್ಲುಗಳು ಪ್ಯಾರಿಸ್ ನಗರದಲ್ಲಿ ಬಳಕೆಗೆ ಬಂದುದು ೧೮೬೦ರ ದಶಕದಲ್ಲಿ. ಮಾನವಕುಲವೇ ಮೊದಲು ಸಮತೋಲವನ್ನು ಕಲಿತು, ಸುಮಾರು ಅರ್ಧ ಶತಮಾನದ ತರುವಾಯ ತುಳಿಯಲು ಕಲಿತಂತಾಯಿತು. ಕನ್ನಡ ನಾಡಿನ ಹುಡುಗರಿಗೂ ಈ ಕ್ರಮ ಹೊಸದಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದವರು ಮೊದಲು ಒಂದು ಕಾಲನ್ನು ಪೆಡಲಿನ ಮೇಲಿಟ್ಟು, ಇನ್ನೊಂದರಿಂದ ನೆಲವನ್ನು ನೂಕುತ್ತ ತೇಲುವುದನ್ನು ಕಲಿತು, ಆಮೇಲೆ ಒಳಪೆಡಲು ತುಳಿದು, ಕಟ್ಟಕಡೆಗೆ ಸೀಟನ್ನು ಏರುತ್ತಿದ್ದರು.

ಇಂದು ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳ ವಸತಿ ಸಮುಚ್ಚಯಗಳಲ್ಲಿ ಎರಡು ಮೂರು ವರ್ಷದ ಕೂಸುಗಳು ಓಡಿಸುವ, ಪೆಡಲಿಲ್ಲದ ಬ್ಯಾಲೆನ್ಸ್ ಬೈಕ್ ಆ ಹಳೆಯ ಕ್ರಮಕ್ಕೇ ಮರಳಿದೆ. ಎರಡು ಪಾದಗಳೂ ನೆಲ ಮುಟ್ಟುವುದರಿಂದ ಮಗುವು ತನ್ನ ಧೈರ್ಯವಿದ್ದಷ್ಟೇ ಕಾಲೆತ್ತುವುದು, ಅಂಜಿದೊಡನೆ ಕಾಲೂರುವುದು. ಎರಡೂ ಕಾಲುಗಳನ್ನು ಎತ್ತಿಕೊಂಡು ಹತ್ತಾರು ಅಡಿ ತೇಲಿ, ತಿರುವಿನಲ್ಲಿಯೂ ತಡವರಿಸದೆ ಹೊರಳಬಲ್ಲ ಮಗುವು ಪೆಡಲಿಗೆ ಸಿದ್ಧವಾಗಿದೆಯೆಂದು ತಿಳಿಯಬೇಕು. ಆಗ ಹಗುರವಾದ, ಅಳತೆಗೆ ತಕ್ಕ ಸೈಕಲ್ ತಂದು, ಮೊದಲ ಕೆಲವು ದಿನ ಅದರ ಪೆಡಲುಗಳನ್ನು ಬಿಚ್ಚಿಡುವುದು ಲೇಸು. ಎಡಪೆಡಲಿನ ತಿರುಪು ವಿರುದ್ಧವಾದುದರಿಂದ ಅದನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ತಿರುಗಿಸಿ ಬಿಚ್ಚಬೇಕು. ಸೀಟನ್ನು ಪಾದಗಳು ಪೂರ್ತಿ ಊರುವಷ್ಟು ತಗ್ಗಿಸಿ, ಹೊಸ ಬಂಡಿಯ ಭಾರವೂ ಕೈಬ್ರೇಕೂ ರೂಢಿಯಾದ ಮೇಲೆ ಪೆಡಲುಗಳನ್ನು ಜೋಡಿಸಬೇಕು. ತಲೆಗೆ ಹೆಲ್ಮೆಟ್ ಇರಬೇಕು. ವಾಹನವಿಲ್ಲದ ಸಮತಟ್ಟಾದ ಜಾಗ ಬೇಕು.

ಇಲ್ಲಿಗೆ ಬಂದ ಮಗುವಿಗೆ ತಂದೆಯು ಸುಳ್ಳು ಹೇಳಬೇಕಾದ ಕಾರಣವೇ ಇಲ್ಲ. "ಭುಜ ಹಿಡಿದಿರುತ್ತೇನೆ, ಮೂರು ಎಣಿಸಿ ಬಿಡುತ್ತೇನೆ, ಪಕ್ಕದಲ್ಲೇ ಓಡುತ್ತೇನೆ" ಎಂದು ಹೇಳಿ, ಹೇಳಿದಂತೆಯೇ ನಡೆಯಬಹುದು. ಬಡಾವಣೆಗಳ ನಡುವೆಯೇ ಇರುವ ಜಕ್ಕೂರಿನ ವಿಮಾನ ತರಬೇತಿಯನ್ನು ನೆನೆಯಬಹುದು. ವಿಮಾನ ನಡೆಸಲು ಕಲಿಯುವವನ ಜೊತೆಗೆ ಗುರುವೂ ಕುಳಿತಿರುತ್ತಾನೆ, ಆತನ ಕೈಗೂ ಚಾಲನೆಯ ಸಾಧನಗಳಿರುತ್ತವೆ. ಶಿಷ್ಯನು ಪಕ್ವನಾದ ದಿನ ಗುರುವು ಅವನಿಗೆ ತಿಳಿಸಿಯೇ ಇಳಿಯುತ್ತಾನೆ; ಆಸನ ಬರಿದಾಗಿರುವುದನ್ನು ತಿಳಿದೇ ಶಿಷ್ಯನು ಮೇಲೇರುತ್ತಾನೆ. ಆಗ ಹಾರಿದುದು ಅವನದೇ ಹಾರಾಟವಾಗುತ್ತದೆ.

"ಸುಳ್ಳಿನಿಂದಲೂ ಮಕ್ಕಳು ಕಲಿತರಲ್ಲವೇ? ಯಾರಿಗೆ ಏನು ಕೇಡಾಯಿತು?" ಎಂದು ಕೇಳಬಹುದು. ಕಲಿತದ್ದು ನಿಜ; ಬೇರೆ ದಾರಿ ಕಾಣದೆ ಹಾಗೆ ಮಾಡಿದ ತಂದೆಯರನ್ನು ದೂಷಿಸುವುದೂ ಸಲ್ಲದು. ಆದರೆ ಆ ಹೊತ್ತು ಮಗುವು ಒಂದಲ್ಲ, ಎರಡು ಪಾಠ ಕಲಿಯುತ್ತದೆ. ತನ್ನಿಂದ ಸಾಧ್ಯವೆಂಬುದು ಮೊದಲನೆಯದು. ತಾನು ಅಂಜಿದಾಗ ಅಪ್ಪನ ಮಾತನ್ನು ನಂಬಲಾಗದೆಂಬುದು ಎರಡನೆಯದು. ನಾಳೆ ಸೂಜಿ ಚುಚ್ಚಿಸುವಾಗ, ಮೊದಲ ದಿನ ಶಾಲೆಯ ಬಾಗಿಲಲ್ಲಿ ಬಿಟ್ಟು ಬರುವಾಗ, ಆಸ್ಪತ್ರೆಯ ಹಾಸಿಗೆಯ ಬಳಿ ನಿಂತಾಗ ಅದೇ ತಂದೆಯ "ಇಲ್ಲೇ ಇದ್ದೇನೆ" ಎಂಬ ಮಾತಿಗೆ ಬೆಲೆ ಬೇಕಾಗುತ್ತದೆ. ನಡೆನುಡಿಗಳು ಒಂದಾಗಬೇಕೆಂದು ಶರಣರು ಬಯಸಿದುದು ಸಭೆಯ ನುಡಿಗೆ ಮಾತ್ರವಲ್ಲ. ಮೂರು ವರ್ಷದ ಕೂಸಿನೊಡನೆ ಅಂಗಳದಲ್ಲಿ ಆಡುವ ನುಡಿಗೂ ಅದು ಸಲ್ಲುತ್ತದೆ.

ಬಿಡುತ್ತೇನೆಂದಾಗ ಮಗುವು "ಬೇಡ" ಎನ್ನಬಹುದು. ಹಾಗಾದರೆ ಅಂದು ಬಿಡಬಾರದು. ಹಳೆಯ ಬ್ಯಾಲೆನ್ಸ್ ಬೈಕಿನ ಮೇಲೆ ಇನ್ನೂ ಹದಿನೈದು ದಿನ ತೇಲಲಿ. ಅದರಿಂದ ಏನೂ ನಷ್ಟವಿಲ್ಲ. ನೆರೆಮನೆಯ ಮಗುವು ಆಗಲೇ ಪೆಡಲು ತುಳಿಯುತ್ತಿದೆಯೆಂಬ ಅವಸರವು ಹಿರಿಯರದೇ ಹೊರತು ಕೂಸಿನದಲ್ಲ. ಹಾಗೆಯೇ ಮಗುವು "ಬಿಡು" ಎಂದ ಮೇಲೂ ಹಿಡಿದೇ ಇರುವುದು ಪ್ರೀತಿಯಂತೆ ತೋರಿದರೂ ಹಿರಿಯರ ಅಂಜಿಕೆಯೇ ಆಗಿರುತ್ತದೆ. ಹಿಡಿದಿರುವಾಗ ಹಿಡಿದಿದ್ದೇನೆಂದೂ, ಬಿಟ್ಟಾಗ ಬಿಟ್ಟಿದ್ದೇನೆಂದೂ ಹೇಳಬಲ್ಲ ತಂದೆತಾಯಿಗಳ ಮಗುವು ಒಮ್ಮೆ ಬಿದ್ದರೂ, ಮೊಣಕಾಲಿನ ಮಣ್ಣು ಒರಸಿಕೊಂಡು ಅವರ ಬಳಿಗೇ ಬರುತ್ತದೆ.