ವೇದನೆಗೆ ಪ್ರಮಾಣ ಯಾವುದು?

ಪರರ ಮುಖದಲ್ಲಿ ನೋವಿನ ಚಿಹ್ನೆಯನ್ನು ಕಾಣಬಹುದು; ನೋವನ್ನೇ ಕಾಣಲಾಗದು. ಕಾಲಿಗೆ ಮುಳ್ಳು ನೆಟ್ಟವನ ನರಳಿಕೆಯನ್ನು ಊರೆಲ್ಲ ಕೇಳಿದರೂ ಮುಳ್ಳಿನ ಇರಿತವನ್ನು ಬಲ್ಲವನು ಅವನೊಬ್ಬನೇ. ಹೀಗಿರಲು, ನೋವನ್ನು ಕಳೆಯುವ ಎರಡು ಉಪಾಯಗಳನ್ನು ತೂಗಿ ಇದು ಮೇಲು, ಅದು ಕೀಳು ಎಂದು ನಿರ್ಣಯಿಸುವ ಅಧಿಕಾರ ಯಾರದು? ಉಪಾಯವನ್ನು ನಡೆಸುವ ವೈದ್ಯನದೋ, ಅದನ್ನು ಅನುಭವಿಸುವ ರೋಗಿಯದೋ? ಇದು ಬರಿಯ ವೈದ್ಯಶಾಸ್ತ್ರದ ಪ್ರಶ್ನೆಯಲ್ಲ, ಧರ್ಮಜಿಜ್ಞಾಸೆಯೂ ಅಹುದು.

ಮದ್ಯಪಾನದ ಅಭ್ಯಾಸವುಳ್ಳವನಿಗೆ ಶಸ್ತ್ರಕ್ಕೆ ಮುಂಚೆ ಮದ್ಯವನ್ನು ಕೊಡಬೇಕೆಂದು ಸುಶ್ರುತಸಂಹಿತೆಯು ವಿಧಿಸಿದೆ. 1846ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಮಾರ್ಟನ್ನನು ಈಥರ್ ಆವಿಯ ಪ್ರಭಾವವನ್ನು ವೈದ್ಯರ ಸಭೆಗೆ ತೋರಿಸಿದನು. ಮರುವರ್ಷ ಎಡಿನ್‌ಬರೋದ ಸಿಂಪ್ಸನ್ನನು ಪ್ರಸವದಲ್ಲಿ ಕ್ಲೋರೋಫಾರ್ಮನ್ನು ಬಳಸಿದಾಗ, ಈಶ್ವರನು ವಿಧಿಸಿದ ವೇದನೆಯನ್ನು ಮನುಷ್ಯನು ಕಳೆಯಬಹುದೇ ಎಂಬ ಆಕ್ಷೇಪ ಕೇಳಿಬಂದಿತು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಅದನ್ನು ಸ್ವೀಕರಿಸಿದ ಮೇಲೆ ಆ ಆಕ್ಷೇಪದ ಬಲ ಕುಂದಿತು. ದೇಹವೆಲ್ಲವನ್ನೂ ನಿದ್ರೆಗೆ ದೂಡದೆ ಒಂದು ಅಂಗವನ್ನು ಮಾತ್ರ ಮರಗಟ್ಟಿಸುವ ಮಾರ್ಗವು 1884ರಲ್ಲಿ ಕೊಲ್ಲರನು ಕಣ್ಣಿಗೆ ಕೊಕೇನಿನ ಹನಿಯನ್ನು ಹಾಕಿದಂದಿನಿಂದ ತೆರೆಯಿತು.

ಶಸ್ತ್ರಕಾಲದ ನೋವು ಹೀಗೆ ಅಡಗಿತು. ಶಸ್ತ್ರದ ಅನಂತರದ ರಾತ್ರಿಯ ನೋವು ಮಾತ್ರ ಉಳಿಯಿತು. ಅದಕ್ಕೆ ಮಾರ್ಫಿನ್ ಉಂಟು. ಆದರೆ ಅದರೊಡನೆ ಓಕರಿಕೆ, ಮಂಪರು, ಮಲಬದ್ಧತೆಗಳೂ ಬರುತ್ತವೆ, ಮಿತಿ ಮೀರಿದರೆ ಉಸಿರೇ ಕುಗ್ಗುತ್ತದೆ. ನರದ ಬಳಿ ಒಮ್ಮೆ ಚುಚ್ಚಿದ ಔಷಧವು ಕೆಲವು ಗಂಟೆಗಳಲ್ಲಿ ತೀರಿ, ಬಹಳ ವೇಳೆ ನಡುರಾತ್ರಿಯಲ್ಲಿಯೇ ನೋವನ್ನು ಮರಳಿ ಎಬ್ಬಿಸುತ್ತದೆ. ಆದಕಾರಣ 1946ರಲ್ಲಿ ಆನ್ಸ್‌ಬ್ರೋ ಎಂಬ ವೈದ್ಯನು ತೋಳಿನ ನರಗಳ ಬಳಿ ಸೂಜಿಯನ್ನೇ ನಿಲ್ಲಿಸಿ ಔಷಧವನ್ನು ಮತ್ತೆ ಮತ್ತೆ ಕೊಡುವ ಕ್ರಮವನ್ನು ಪ್ರಕಟಿಸಿದನು. ಇಂದು ಸೂಜಿಗೆ ಬದಲಾಗಿ ಕೆಥೆಟರ್ ಎಂಬ ಸಪೂರವಾದ ಮೆತ್ತನೆಯ ನಳಿಗೆಯನ್ನು ಎರಡು ಮೂರು ದಿನ ಒಳಗೆ ಬಿಟ್ಟು, ಅದರ ಮೂಲಕ ಔಷಧವನ್ನು ಹರಿಸುತ್ತಾರೆ.

ಆ ನಳಿಗೆಯ ತುದಿಯನ್ನು ಕಾಣದ ನರದ ಮಗ್ಗುಲಿಗೆ ಒಯ್ಯುವುದು ಹೇಗೆ? ಇಲ್ಲಿಯೇ ಮತಭೇದ. ಒಂದು ಕ್ರಮದಲ್ಲಿ ಸೂಜಿಯ ಅಥವಾ ನಳಿಗೆಯ ತುದಿಯಿಂದ ಅತ್ಯಲ್ಪವಾದ ವಿದ್ಯುತ್ತನ್ನು ಹರಿಸುತ್ತಾರೆ. ಮಾಂಸಖಂಡವು ಅದುರಿದರೆ ನರವು ಸಮೀಪದಲ್ಲಿದೆಯೆಂದು ತಿಳಿಯುತ್ತಾರೆ. ಹೊಗೆಯಿಂದ ಬೆಂಕಿಯನ್ನು ತಿಳಿದಂತೆ ಇದು ಅನುಮಾನ. ಆದರೆ ನರವು ಹತ್ತಿರವಿದ್ದೂ ಅದುರದಿರುವುದುಂಟು. ಹೊಗೆಯಿಲ್ಲದ ಕೆಂಡವೂ ಬೆಂಕಿಯೇ ಅಷ್ಟೆ! ಇನ್ನೊಂದು ಕ್ರಮದಲ್ಲಿ ಅಲ್ಟ್ರಾಸೌಂಡ್ ಯಂತ್ರದ ಪರದೆಯ ಮೇಲೆ ನರವನ್ನೂ ಸೂಜಿಯನ್ನೂ ನೋಡುತ್ತ ಸಾಗುತ್ತಾರೆ. ಇದರಿಂದ ಕೆಲಸವು ಬೇಗ ಮುಗಿಯುತ್ತದೆ. ರಕ್ತನಾಳಕ್ಕೆ ಸೂಜಿ ತಗಲುವುದೂ ಕಡಮೆ. ಇದನ್ನು ಪ್ರತ್ಯಕ್ಷವೆನ್ನಬಹುದಾದರೂ ಪರದೆಯ ಮೇಲಿರುವುದು ಪ್ರತಿಧ್ವನಿಯ ಛಾಯೆ. ಸೂಜಿಯನ್ನು ಬಿಟ್ಟು ಮುಂದೆ ಸರಿದ ನಳಿಗೆಯು ಸುರುಳಿಗೊಂಡರೆ ಅದರ ತುದಿಯು ಕಣ್ಣಿಗೆ ಸಿಕ್ಕದು. ಆಗ ದ್ರವವನ್ನು ಬಿಟ್ಟು ಅದು ಎಲ್ಲಿ ಹರಡಿತೆಂದು ನೋಡಿ ಊಹಿಸಬೇಕಾಗುತ್ತದೆ. ಪ್ರತ್ಯಕ್ಷವು ಕೊನೆಯ ಹೆಜ್ಜೆಯಲ್ಲಿ ಅನುಮಾನದ ಕೈಹಿಡಿಯಲೇಬೇಕು. ಸೂಜಿಯ ಒಳಗಿನಿಂದ ನಳಿಗೆಯನ್ನು ತೂರಿಸಿದರೆ ರಂಧ್ರವು ನಳಿಗೆಗಿಂತ ದೊಡ್ಡದಾಗಿ ಔಷಧವು ಸೋರಬಹುದು; ಸೂಜಿಯ ಹೊರಮೈಗೆ ತೊಡಿಸಿದ ನಳಿಗೆಯಾದರೆ ರಂಧ್ರಕ್ಕೆ ಬಿಗಿಯಾಗಿ ಕೂಡುತ್ತದೆ.

ಈ ತಾರತಮ್ಯವನ್ನು ನಿಮಿಷಗಳಿಂದಲೂ ಚಿತ್ರದ ಸೊಗಸಿನಿಂದಲೂ ಅಳೆಯುವುದು ಸುಲಭ. ಗಡಿಯಾರವು ವೈದ್ಯನ ಕೈಯಲ್ಲಿಯೇ ಇದೆ. ಆದರೆ ತುದಿಯು ಸರಿಯಾದ ಸ್ಥಳದಲ್ಲಿದೆಯೆಂದು ಪರದೆಯು ಹೇಳುತ್ತಿರಲು, ರೋಗಿಯು "ತಾಳಲಾರೆ" ಎಂದರೆ ಯಾರ ಮಾತು ನಿಲ್ಲಬೇಕು? ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನಗಳೊಡನೆ ಶಬ್ದವನ್ನೂ ಪ್ರಮಾಣವೆಂದು ಒಪ್ಪಿದರು. ಬಲ್ಲವನಾಗಿದ್ದು ಇದ್ದುದನ್ನು ಇದ್ದಂತೆ ನುಡಿಯುವವನು ಆಪ್ತನು. ತನ್ನ ನೋವಿನ ವಿಷಯದಲ್ಲಿ ರೋಗಿಗಿಂತ ಬಲ್ಲವರಾರು?

ಹಾಗೆಂದು ನೋವಿನ ಶಮನವೊಂದೇ ಪುರುಷಾರ್ಥವಲ್ಲ. ತೊಡೆಯ ಮುಂಭಾಗದ ನರವನ್ನು ತಡೆದರೆ ಮಂಡಿಯ ನೋವು ಅಡಗುತ್ತದೆ, ಕಾಲಿನ ಬಲವೂ ಕುಗ್ಗುತ್ತದೆ. ಆ ಕಾಲನ್ನು ನಂಬಿ ಎದ್ದ ವೃದ್ಧೆ ಬೀಳಬಹುದು. ಅದಕ್ಕಾಗಿಯೇ ಅನೇಕರು ತೊಡೆಯ ಒಳಮಗ್ಗುಲಲ್ಲಿ ಇನ್ನೂ ಕೆಳಗೆ ತಡೆಯುವ ಕ್ರಮವನ್ನು ಆರಿಸುತ್ತಾರೆ. ಹೆಗಲಿಗಾಗಿ ಕುತ್ತಿಗೆಯಲ್ಲಿ ಕೊಟ್ಟ ಔಷಧವು ಆ ಪಾರ್ಶ್ವದ ವಪೆಯನ್ನು ಜಡಗೊಳಿಸಬಹುದು. ಶ್ವಾಸಕೋಶವು ದುರ್ಬಲವಾದವನಿಗೆ ಅದು ಅಪಾಯ. ಮುರಿದ ಕಾಲಿನ ಒಳಗೆ ಬಾವು ಬಿಗಿದು ರಕ್ತಸಂಚಾರಕ್ಕೆ ತಡೆಯಾದಾಗ ಮೊದಲು ಕೂಗುವುದು ನೋವೇ. ಆ ಕಾವಲುಗಾರನ ಬಾಯನ್ನು ಪೂರ್ತಿಯಾಗಿ ಕಟ್ಟಿದವನು ತಾನೇ ಎಚ್ಚತ್ತು ಕಾವಲಿರಬೇಕು.

ಇನ್ನೊಂದು ಧರ್ಮಸೂಕ್ಷ್ಮವೂ ಉಂಟು. ಎರಡು ಕ್ರಮಗಳಲ್ಲಿ ಯಾವುದು ಮೇಲೆಂದು ತಿಳಿಯಲು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡುತ್ತಾರೆ. ಕೀಳಾದ ಪಾಲಿಗೆ ಬಂದವನು ಮುಂದಿನವರ ಹಿತಕ್ಕಾಗಿ ತನ್ನ ರಾತ್ರಿಯ ನಿದ್ರೆಯನ್ನು ತೆರುತ್ತಾನೆ. ಮೊದಲೇ ಎಲ್ಲವನ್ನೂ ತಿಳಿಸಿ ಅವನ ಒಪ್ಪಿಗೆಯನ್ನು ಪಡೆದಿದ್ದರೆ, ನಿಜವಾಗಿಯೂ ಸಂಶಯವಿದ್ದೆಡೆಯಲ್ಲಿ ಮಾತ್ರ ಪರೀಕ್ಷೆ ನಡೆದಿದ್ದರೆ, ನೋವೆಂದೊಡನೆ ಬೇರೆ ಔಷಧವನ್ನು ಕೊಡುವ ಸಿದ್ಧತೆಯಿದ್ದರೆ ಅದು ಅವನು ಕೊಟ್ಟ ದಾನ. ಇಲ್ಲವಾದರೆ ಅವನಿಂದ ಕದ್ದ ಧನ.

ಆದುದರಿಂದ ಉಪಾಯದ ಮೇಲ್ಮೆಯು ಸೂಜಿ ನಿಂತ ಸ್ಥಳದಲ್ಲಿ ಮಾತ್ರ ನಿರ್ಣಯವಾಗುವುದಿಲ್ಲ. ನಡುರಾತ್ರಿಯಲ್ಲಿ ಹಾಸಿಗೆಯ ಬಳಿಗೆ ಬಂದು "ಈಗ ಹೇಗಿದೆ?" ಎಂದು ಕೇಳುವವರಿರಬೇಕು, ಬಂದ ಉತ್ತರವನ್ನು ನಂಬುವವರಿರಬೇಕು. ಅವರಿಲ್ಲದ ಕಡೆ ಅತ್ಯುತ್ತಮವಾದ ನಳಿಗೆಯೂ ಅರ್ಧ ಚಿಕಿತ್ಸೆಯೇ.